ಮಳೆಗಾಲಕ್ಕೆ ದೆವ್ವದ ಕತೆ, ಡಿಸ್ಲೆಕ್ಸಿಯಾ ಇರುವ ಓದುಗರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಕ್ಕಡ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಜೋರು ಮಳೆಯ ತಿಂಗಳು, ಬಂತೆಂದರೆ ನಮ್ಮ ಕೊಡಗಿನ ಕಡೆ ಮಕ್ಕಳು ಮನೆಯೊಳಗೇ. ಮಳೆ ರಜೆ ಇರುತ್ತದೆ, ಕರೆಂಟು ಹೋಗಿರುತ್ತದೆ, ಸಂಜೆ ನಾಲ್ಕಕ್ಕೇ ಮಂಜು ಕವಿದು ತೋಟ ಕಾಣುವುದಿಲ್ಲ. ಭಾಗಮಂಡಲದ ದಾರಿಯಲ್ಲಿರುವ ನಮ್ಮ ಮನೆಯಲ್ಲಿ ಇವು ದೆವ್ವದ ಕತೆಯ ದಿನಗಳು. ನನ್ನ ಮಗನಿಗೆ ಡಿಸ್ಲೆಕ್ಸಿಯಾ, ಅಂದರೆ ಓದು ಕಲಿಯಲು ಕಷ್ಟವಾಗುವ ತೊಂದರೆ ಇದೆ. ಗೊತ್ತಾಗಿದ್ದು ನಾಲ್ಕನೇ ಕ್ಲಾಸಿನಲ್ಲಿ, ಈಗ ಅವನು ಒಂಬತ್ತನೇ ಕ್ಲಾಸು. ಶನಿವಾರ ಊರಿನ ಪಂಚಾಯಿತಿ ಲೈಬ್ರರಿಯಲ್ಲಿ ಮಕ್ಕಳ ಜತೆ ಓದಲು ಕೂರುತ್ತೇನೆ. ಅಲ್ಲಿಯೂ, ಮದುವೆ ಮನೆಗಳಲ್ಲಿಯೂ, ಬಸ್ಸಿನಲ್ಲಿಯೂ ಅಪ್ಪ ಅಮ್ಮಂದಿರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ.

ಓದೋದೇ ಕಷ್ಟ ಇರುವ ಮಗುವಿಗೆ ದೆವ್ವದ ಪುಸ್ತಕ ಯಾಕೆ? ಪಾಠದ ಪುಸ್ತಕ ಓದಿಸಿದರೆ ಸಾಲದಾ?

ಪಾಠ ಓದುವಾಗ ಮುಂದೇನಾಗುತ್ತದೋ ಅನ್ನುವ ಚಡಪಡಿಕೆ ಇರುವುದಿಲ್ಲ. ಕತೆಯಲ್ಲಿ ಇರುತ್ತದೆ. ಹೆದರಿಸುವ ಕತೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುತ್ತದೆ.

"ಅಟ್ಟದ ಮೇಲೆ ಯಾರೋ ನಡೆದರು" ಅನ್ನುವ ಸಾಲು ತೆಗೆದುಕೊಳ್ಳಿ. ಸರಾಗವಾಗಿ ಓದುವ ಮಗು ಎರಡು ಸೆಕೆಂಡಿನಲ್ಲಿ ದಾಟಿ ಹೋಗುತ್ತದೆ. ನನ್ನ ಮಗ "ಅಟ್ಟದ" ಅನ್ನುವಲ್ಲಿ ನಿಂತ. ಒತ್ತನ್ನು ಬಿಡಿಸಿಕೊಂಡ. "ಮೇಲೆ" ಓದಿದ. "ಯಾರೋ" ಅನ್ನುವಾಗ ತಲೆ ಎತ್ತಿ ನಮ್ಮ ಅಟ್ಟದ ಕಡೆ ನೋಡಿದ. ಆಮೇಲೆ "ನಡೆದರು" ಓದಿದ. ಅರ್ಧ ನಿಮಿಷವೇ ಹಿಡಿಯಿತು. ಆ ಅರ್ಧ ನಿಮಿಷದ ಭಯ ಬೇಗ ಓದುವವರಿಗೆ ಸಿಗುವುದಿಲ್ಲ. ಬೇರೆ ಪುಸ್ತಕದಲ್ಲಿ ನಿಧಾನವಾಗಿ ಓದುವುದು ಅವನಿಗೆ ಶಿಕ್ಷೆಯ ಹಾಗಿತ್ತು. ಇಲ್ಲಿ ನಿಧಾನಕ್ಕೇ ರುಚಿ. ಅಜ್ಜಿಯಂದಿರು ದೆವ್ವದ ಕತೆ ಹೇಳುವುದೂ ನಿಲ್ಲಿಸಿ ನಿಲ್ಲಿಸಿಯೇ ಅಲ್ವಾ? ಅವತ್ತು ಅವನು ತಾನಾಗಿಯೇ ಪುಟ ತಿರುಗಿಸಿದ.

ಹೆದರಿಕೆ ಕತೆಯಲ್ಲಿ ಇರಬೇಕು, ಅಕ್ಷರದಲ್ಲಿ ಇರಬಾರದು. ಪುಸ್ತಕ ಆರಿಸುವಾಗ ನಾನು ನೋಡುವುದು ಇದನ್ನೇ.

ಡಿಸ್ಲೆಕ್ಸಿಯಾ ಅಂದರೆ ಅಕ್ಷರ ಉಲ್ಟಾ ಕಾಣುವುದು ತಾನೇ?

ಅಲ್ಲ. ಅದು ಕಣ್ಣಿನ ತೊಂದರೆಯಲ್ಲ, ಬುದ್ಧಿ ಕಡಿಮೆ ಅಂತಲೂ ಅಲ್ಲ. ಮಾತಿನೊಳಗಿನ ದನಿಗಳನ್ನು ಬಿಡಿಸಿ, ಒಂದೊಂದಕ್ಕೂ ಸರಿಯಾದ ಅಕ್ಷರ ಹೊಂದಿಸುವ ಕೆಲಸ ಮಿದುಳಿಗೆ ಕಷ್ಟವಾಗುತ್ತದೆ. ಒಂದೇ ಮನೆಯಲ್ಲಿ ಎರಡು ಮೂರು ಜನರಿಗೆ ಇರುವುದೂ ಉಂಟು. ದೊಡ್ಡವರಾದ ಮೇಲೂ ಹೋಗುವುದಿಲ್ಲ, ಆದರೆ ಸರಿಯಾಗಿ ಕಲಿಸಿದರೆ ಓದು ಖಂಡಿತ ಸುಧಾರಿಸುತ್ತದೆ.

ಅನುಮಾನ ಇದ್ದರೆ ಪರೀಕ್ಷೆ ಮಾಡಿಸಿ. ನಮಗೆ ಹತ್ತಿರ ಅಂದರೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಡಿಸ್ಲೆಕ್ಸಿಯಾ ಅದರಲ್ಲೇ ಬರುತ್ತದೆ. ಶಾಲೆಯ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ಸೌಲಭ್ಯ ಕೇಳಲು ಡಿಸ್ಲೆಕ್ಸಿಯಾ ಇದೆ ಅನ್ನುವ ಸರ್ಟಿಫಿಕೇಟು ಬೇಕಾಗುತ್ತದೆ. ದೆವ್ವದ ಕತೆ ಓದಲು ಯಾವ ಸರ್ಟಿಫಿಕೇಟೂ ಬೇಡ, ಇವತ್ತೇ ಶುರು ಮಾಡಿ.

ಇಂಟರ್ನೆಟ್ಟಿನಲ್ಲಿರುವ ಸಲಹೆಗಳೆಲ್ಲ ಇಂಗ್ಲಿಷಿಗೆ. ಕನ್ನಡದಲ್ಲಿ ಏನು ಕಷ್ಟ?

ಇದು ನನಗೆ ತುಂಬಾ ಬೇಕಾದ ಪ್ರಶ್ನೆ. ಇಂಗ್ಲಿಷಿನಲ್ಲಿ ಒಂದೇ ಅಕ್ಷರಕ್ಕೆ ನಾಲ್ಕು ದನಿ, ಅಲ್ಲಿ ಸ್ಪೆಲ್ಲಿಂಗೇ ಕಾಟ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಅದೊಂದು ಅನುಕೂಲ. ಆದರೆ ವರ್ಣಮಾಲೆಯ 49 ಅಕ್ಷರ ಕಲಿತರೆ ಮುಗಿಯಲಿಲ್ಲ. ಕಾಗುಣಿತ, ಒತ್ತು ಸೇರಿ ನೂರಾರು ರೂಪಗಳಾಗುತ್ತವೆ. ಸೊನಾಲಿ ನಾಗ್ ಅವರು ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸಂಶೋಧನೆ ಮಾಡಿದ್ದಾರೆ. ಅಕ್ಷರಗಳು ಕೈಗೆ ಹತ್ತಲು ಯಾವ ತೊಂದರೆ ಇಲ್ಲದ ಮಕ್ಕಳಿಗೂ ಶಾಲೆಯ ಮೊದಲ ಕೆಲವು ವರ್ಷ ಬೇಕು ಎಂದು ಅದರಲ್ಲಿ ಕಂಡಿದೆ. ಹಾಗಿದ್ದ ಮೇಲೆ ನಮ್ಮ ಮಕ್ಕಳಿಗೆ ಇನ್ನಷ್ಟು ಸಮಯ ಬೇಡವಾ?

ಒಂದರಂತೆ ಒಂದು ಕಾಣುವ ಅಕ್ಷರಗಳು ಬೇರೆ: ಪ ಮತ್ತು ಷ, ದ ಮತ್ತು ಧ, ಬ ಮತ್ತು ಭ. ಇನ್ನು ಅರ್ಕಾವೊತ್ತು. "ಸರ್ಪ" ಅನ್ನುವಾಗ ಬಾಯಿ ಮೊದಲು ರ್ ಹೇಳುತ್ತದೆ, ಆಮೇಲೆ ಪ. ಪುಟದಲ್ಲಿ ಮೊದಲು ಕಾಣುವುದು ಪ, ಅದರ ಬಲಕ್ಕೆ ಅರ್ಕಾವೊತ್ತು. ಕಣ್ಣು ಮುಂದೆ ಹೋಗಿ ಹಿಂದೆ ಬರಬೇಕು. ನನ್ನ ಮಗ ಎಷ್ಟೋ ದಿನ ಅದನ್ನು "ಸಪರ" ಅಂತಲೇ ಓದುತ್ತಿದ್ದ.

ದೆವ್ವದ ಕತೆಗೆ ಇನ್ನೊಂದು ತಾಪತ್ರಯ ಇದೆ. ಕತೆಯ ಮುಖ್ಯ ಪಾತ್ರದ ಹೆಸರೇ ಕಷ್ಟ ಇರಬಹುದು. ಮೋಹಿನಿ, ಪಿಶಾಚಿ ಅನ್ನುವುದರಲ್ಲಿ ಒತ್ತಿಲ್ಲ. ಗುಮ್ಮ, ದೆವ್ವ ಅನ್ನುವುದರಲ್ಲಿ ಒಂದೊಂದು. ಬ್ರಹ್ಮರಾಕ್ಷಸ ಅಂದರೆ ಐದು ಅಕ್ಷರದಲ್ಲಿ ಮೂರು ಒತ್ತು! ಆದರೂ ಅದನ್ನು ಪುಸ್ತಕದಿಂದ ತೆಗೆಯಿರಿ ಅಂತ ನಾನು ಹೇಳುವುದಿಲ್ಲ. ಕಷ್ಟದ ಪದ ಒಂದೇ ಇದ್ದು, ಪುಟಕ್ಕೊಮ್ಮೆ ಬರುತ್ತಿದ್ದರೆ ಮೂರನೇ ಸಲಕ್ಕೆ ಮಗು ಅದನ್ನು ಚಿತ್ರದಂತೆ ಗುರುತು ಹಿಡಿಯುತ್ತದೆ. ಲೈಬ್ರರಿಗೆ ಬರುವ ಒಬ್ಬ ಹುಡುಗಿ ಬ್ರಹ್ಮರಾಕ್ಷಸ ಎಂದು ತಪ್ಪಿಲ್ಲದೆ ಓದಿ, ಎದ್ದು ಹೋಗಿ ತನ್ನ ಅಮ್ಮನಿಗೆ ತೋರಿಸಿ ಬಂದಳು. ಓದಲು ಕಷ್ಟವಾಗುವುದು ಪುಟದಲ್ಲಿ ಹತ್ತು ಹೊಸ ಕಷ್ಟದ ಪದ ಇದ್ದಾಗ.

ಎಲ್ಲಕ್ಕಿಂತ ಕಷ್ಟ ಉದ್ದದ ಪದ. "ಕತ್ತಲಾಗುತ್ತಿದ್ದಂತೆಯೇ" ನೋಡಿ. ಎಂಟು ಅಕ್ಷರ, ಮೂರು ಒತ್ತು, ಎಲ್ಲಿ ಉಸಿರು ಬಿಡಬೇಕೋ ಗೊತ್ತಾಗದು. "ಕತ್ತಲು ಆಯಿತು" ಅಂದರೂ ಅದೇ ಕತ್ತಲು, ಅದೇ ಭಯ. ಸಂಧಿ ಬಿಡಿಸಿ ಬರೆಯುವ ಲೇಖಕರು ನಮ್ಮ ಮಕ್ಕಳಿಗೆ ದೊಡ್ಡ ಉಪಕಾರ ಮಾಡುತ್ತಾರೆ.

ಅಂಗಡಿಯಲ್ಲಿ ನಿಂತು ಎರಡು ನಿಮಿಷದಲ್ಲಿ ಪುಸ್ತಕ ಹೇಗೆ ನೋಡುವುದು?

ಮೊದಲ ಪುಟ ನೋಡಬೇಡಿ, ಅದು ಯಾವಾಗಲೂ ಸುಲಭ ಇರುತ್ತದೆ. ನಡುವಿನ ಪುಟ ತೆರೆಯಿರಿ. ಪುಟವನ್ನು ಕೈಯಳತೆ ದೂರ ಹಿಡಿದು ಸುಮ್ನೆ ನೋಡಿ. ಬಿಳಿ ಜಾಗ ಕಾಣುತ್ತದಾ, ಇಲ್ಲ ಪುಟವಿಡೀ ಇರುವೆ ಸಾಲಿನಂತೆ ಕಪ್ಪಾ?

ಆಮೇಲೆ ಸಾಲಿನ ನಡುವಿನ ಅಂತರ. ಬ್ರಿಟಿಷ್ ಡಿಸ್ಲೆಕ್ಸಿಯಾ ಅಸೋಸಿಯೇಷನ್ 12ರಿಂದ 14 ಪಾಯಿಂಟ್ ಅಕ್ಷರ, ಒಂದೂವರೆ ಪಟ್ಟು ಸಾಲಂತರ, ಕೆನೆ ಬಣ್ಣದಂಥ ತಿಳಿ ಹಿನ್ನೆಲೆ ಇರಲಿ ಎನ್ನುತ್ತದೆ. ಕನ್ನಡಕ್ಕೆ ಸಾಲಂತರ ಇನ್ನೂ ಮುಖ್ಯ ಅನ್ನುವುದು ನನ್ನ ಅನುಭವ. ನಮ್ಮ ಒತ್ತು ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಸಾಲುಗಳು ಹತ್ತಿರ ಇದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಒತ್ತು ಯಾವ ಸಾಲಿನದು ಅಂತ ಹುಡುಕುವುದರಲ್ಲೇ ಮಗು ಸೋತಿರುತ್ತದೆ.

ದೆವ್ವದ ಪುಸ್ತಕದಲ್ಲಿ ಮಾತ್ರ ಕಾಣುವ ಕೆಲವು ದೋಷಗಳಿವೆ. ರಾತ್ರಿ ತೋರಿಸಲು ಪುಟವನ್ನೇ ಕಪ್ಪು ಮಾಡಿ ಬಿಳಿ ಅಕ್ಷರ ಹಾಕುತ್ತಾರೆ. ಮಂಜಿನ ಚಿತ್ರದ ಮೇಲೆ ಬೂದು ಬಣ್ಣದಲ್ಲಿ ಬರೆಯುತ್ತಾರೆ. ರಕ್ತ ಸೋರುವಂಥ, ನಡುಗುವಂಥ ಅಕ್ಷರ ಬಳಸುತ್ತಾರೆ. ಹೊದಿಕೆಯ ಮೇಲೆ ಇದ್ದರೆ ಇರಲಿ, ಚೆಂದವೇ. ಒಳಗೂ ಹಾಗೇ ಇದ್ದರೆ ಆ ಪುಸ್ತಕವನ್ನು ಅಲ್ಲೇ ಬಿಡಿ. ಸೋರುವ ಹನಿ ಯಾವುದು, ಒತ್ತು ಯಾವುದು ಎಂದು ದೊಡ್ಡವರಿಗೇ ತಿಳಿಯುವುದಿಲ್ಲ.

ಕೊನೆಗೆ ಮಗುವಿಗೇ ಒಂದು ಪುಟ ಕೊಡಿ. ಮನಸ್ಸಿನಲ್ಲೇ ಓದಲಿ. ಎಡವಿದ ಪದಕ್ಕೊಂದು ಬೆರಳು ಮಡಚಲಿ. ಪುಟ ಮುಗಿಯುವ ಮೊದಲು ಐದೂ ಬೆರಳು ಮಡಚಿದರೆ ಆ ಪುಸ್ತಕ ಒಬ್ಬನೇ ಓದಲು ಕಷ್ಟ. ಅದನ್ನೇ ಬೇಕು ಅಂದರೆ ಕೊಡಿಸಿ, ನೀವು ಓದಿ ಹೇಳಿ.

ಕತೆ ಎಂಥದ್ದಿರಬೇಕು?

ಪಾತ್ರ ಕಡಿಮೆ, ಜಾಗ ಒಂದೇ. ಮನೆ, ಬಾವಿ, ಹಳೆಯ ಕಾಫಿ ಗೋದಾಮು, ಹೀಗೆ ಏನಾದರೂ. ಹಿಂದೆ ಮುಂದೆ ಹಾರುವ ಕತೆ ಬೇಡ. ಮರುಕಳಿಸುವ ಮಾತು ಇದ್ದರೆ ತುಂಬಾ ಒಳ್ಳೆಯದು: "ಯಾರದು? ಯಾರೂ ಇಲ್ಲ." ಅದು ಬಂದಾಗೆಲ್ಲ ಮಗು ಸರಾಗ ಓದುತ್ತದೆ, ಧೈರ್ಯ ಬರುತ್ತದೆ. ಸದ್ದಿನ ಪದಗಳೂ ಅಷ್ಟೇ. ಸರಸರ, ದಡದಡ, ಗುಸುಗುಸು ಇವೆಲ್ಲ ಒತ್ತಿಲ್ಲದ, ಒಂದೇ ತುಂಡು ಎರಡು ಸಲ ಬರುವ ಪದಗಳು. ಹೆದರಿಸುವುದಕ್ಕೂ ಇವೇ ಬೇಕು. ಕನ್ನಡ ನಮಗೆ ಕೊಟ್ಟ ಅನುಕೂಲ ಇದು. ಅಧ್ಯಾಯಗಳು ಎರಡು ಮೂರು ಪುಟಕ್ಕೆ ಮುಗಿಯಲಿ. ಒಂದು ಅಧ್ಯಾಯ ಮುಗಿಸಿದೆ ಎಂದು ಹೇಳಿಕೊಳ್ಳುವ ಖುಷಿ ಮಗುವಿಗೆ ಸಿಗಲಿ.

ಡಿಸ್ಲೆಕ್ಸಿಯಾಕ್ಕೆ ಅಂತಲೇ ಫಾಂಟ್ ಇದೆಯಂತೆ. ಪುಟದ ಮೇಲೆ ಬಣ್ಣದ ಪಾರದರ್ಶಕ ಹಾಳೆ ಇಟ್ಟು ಓದಿದರೆ ಸರಿ ಹೋಗುತ್ತದಂತೆ?

ದುಡ್ಡು ಹಾಕಬೇಡಿ. ಓಪನ್ ಡಿಸ್ಲೆಕ್ಸಿಕ್ ಅನ್ನುವ ಇಂಗ್ಲಿಷ್ ಫಾಂಟನ್ನು ಪರೀಕ್ಷಿಸಿದ ಅಧ್ಯಯನಗಳಲ್ಲಿ ಓದು ಸುಧಾರಿಸಿದ್ದು ಕಂಡಿಲ್ಲ. ಬಣ್ಣದ ಹಾಳೆಗಳಿಗೂ ಗಟ್ಟಿ ಆಧಾರ ಇಲ್ಲ. ಜಾಗದಿಂದ ಮಾತ್ರ ಪ್ರಯೋಜನ ಇದೆ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಕ್ಷರಗಳ ನಡುವೆ ಜಾಗ ಹೆಚ್ಚಿಸಿ ಕೊಟ್ಟಾಗ ಡಿಸ್ಲೆಕ್ಸಿಯಾ ಇರುವ ಇಟಲಿ, ಫ್ರಾನ್ಸಿನ ಮಕ್ಕಳು ಹೆಚ್ಚು ಬೇಗ, ಕಡಿಮೆ ತಪ್ಪಿನಲ್ಲಿ ಓದಿದರು. ಬಣ್ಣದ ಹಾಳೆ ಮಗುವಿಗೆ ಇಷ್ಟ ಅಂದರೆ ಇಟ್ಟುಕೊಳ್ಳಲಿ, ತೊಂದರೆ ಏನಿಲ್ಲ.

ಮಗಳಿಗೆ 14. ಸುಲಭದ ಪುಸ್ತಕ ಕೊಟ್ಟರೆ "ಇದು ಪಾಪುಗಳದ್ದು" ಅಂತ ಎಸೆಯುತ್ತಾಳೆ.

ಎಸೆದದ್ದು ಸರಿ ಅಂತಲೇ ನಾನು ಹೇಳುತ್ತೇನೆ. ಓದುವ ಮಟ್ಟ ಎಂಟು ವರ್ಷದ್ದಾದರೂ ಅವಳ ಮನಸ್ಸಿಗೆ 14 ವರ್ಷ. ಮುದ್ದು ಮುದ್ದಾದ ದೆವ್ವ ಅವಳಿಗೆ ಅವಮಾನ ಅನಿಸುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆಂದೇ ಪುಸ್ತಕ ಮಾಡುವವರಿದ್ದಾರೆ. ಎಡಿನ್‌ಬರೋದಲ್ಲಿ ಶುರುವಾದ ಬ್ಯಾರಿಂಗ್ಟನ್ ಸ್ಟೋಕ್ ಕೆನೆ ಬಣ್ಣದ ಕಾಗದದಲ್ಲಿ, ಚಿಕ್ಕ ಅಧ್ಯಾಯಗಳಲ್ಲಿ, ದೊಡ್ಡ ಮಕ್ಕಳಿಗೆ ತಕ್ಕ ಕತೆಗಳನ್ನು ಸುಲಭ ಭಾಷೆಯಲ್ಲಿ ಕೊಡುತ್ತದೆ. ಹೆದರಿಕೆಯ ಕತೆಗಳೂ ಅವರಲ್ಲಿವೆ. ಮಗಳು ಇಂಗ್ಲಿಷ್ ಮೀಡಿಯಂ ಆದರೆ ಹುಡುಕಿ.

ಕನ್ನಡದಲ್ಲಿ ಸಣ್ಣ ಕತೆಗಳೇ ಆಸರೆ. ದೊಡ್ಡವರಿಗೆ ಬರೆದ, ನಾಲ್ಕೈದು ಪುಟದ ಕತೆ. ಅದನ್ನು ಜೆರಾಕ್ಸ್ ಅಂಗಡಿಗೆ ಒಯ್ದು ಎ4 ಪುಟವನ್ನು ಎ3ಗೆ ಹಿಗ್ಗಿಸಿ. ಅಕ್ಷರ ಸುಮಾರು 1.4 ಪಟ್ಟು ಆಗುತ್ತದೆ. ಅಂಗಡಿಯಲ್ಲಿ ಕೆನೆ ಬಣ್ಣದ ಕಾಗದ ಇದ್ದರೆ ಕೇಳಿ ಹಾಕಿಸಿ. ಇದು ಕಾನೂನಿಗೆ ವಿರೋಧವಾ ಅಂತ ಅಂಗಡಿಯವರು ಒಮ್ಮೆ ಕೇಳಿದ್ದರು. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಆಗಿದೆ. ಅಂಗವೈಕಲ್ಯ ಇರುವವರು ಸ್ವಂತಕ್ಕೆ ಓದಲು ಅನುಕೂಲವಾಗುವ ರೂಪಕ್ಕೆ ಪುಸ್ತಕವನ್ನು ಬದಲಿಸಿಕೊಳ್ಳಲು ಅದು ಅವಕಾಶ ಕೊಡುತ್ತದೆ.

ಕನ್ನಡ ಪುಸ್ತಕ ಎಲ್ಲಿ ಸಿಗುತ್ತದೆ? ಮಡಿಕೇರಿಗೆ ಹೋಗಿ ಬರಲು ಮಳೆಯಲ್ಲಿ ಆಗುವುದಿಲ್ಲ.

ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡ ಕತೆಗಳು ಉಚಿತ. ನಾಲ್ಕು ಹಂತಗಳಿವೆ. ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕಿಸಬಹುದು. ಆದರೆ ಒಂದನೇ ಹಂತ ಅಂದ ಮಾತ್ರಕ್ಕೆ ಒತ್ತಿಲ್ಲ ಅಂತ ಅಲ್ಲ, ನೀವು ಒಮ್ಮೆ ಓದಿ ನೋಡಿ. ಗ್ರಾಮ ಪಂಚಾಯಿತಿ ಲೈಬ್ರರಿಗಳಲ್ಲಿ "ಓದುವ ಬೆಳಕು" ಕಾರ್ಯಕ್ರಮ 2020ರಲ್ಲಿ ಬಂತು, ಮಕ್ಕಳಿಗೆ ಸದಸ್ಯತ್ವ ಉಚಿತ. ಮುದ್ರಿತ ಪುಸ್ತಕ ಓದಲು ತೊಂದರೆ ಇರುವವರಿಗಾಗಿ 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಲೈಬ್ರರಿಯೂ ಇದೆ.

ಮೊಬೈಲಿನಲ್ಲಿ ಓದುವುದಾದರೆ ಇ-ಪಬ್ ಅನ್ನುವ ಇ-ಪುಸ್ತಕದ ಫೈಲ್ ಆರಿಸಿ. ಅದರಲ್ಲಿ ಅಕ್ಷರ, ಸಾಲಂತರ, ಹಿನ್ನೆಲೆ ಬಣ್ಣ ಎಲ್ಲ ಬದಲಿಸಬಹುದು. ಪಿಡಿಎಫ್ ಹಿಗ್ಗಿಸಿದರೆ ಸಾಲು ಪರದೆಯಿಂದ ಆಚೆ ಹೋಗುತ್ತದೆ. ಮಗು ಸಾಲು ಹುಡುಕುತ್ತಾ ಕೂರಬೇಕು.

ಕೇಳುವುದು ಓದಿದ ಹಾಗಾ? ಆಡಿಯೋ ಕೊಟ್ಟರೆ ಸೋಮಾರಿ ಆಗುವುದಿಲ್ಲವಾ?

ಇಲ್ಲ. ಕತೆ ಕೇಳಿ ಬೆಳೆದವರೇ ಅಲ್ವಾ ನಾವೆಲ್ಲ? ಅಕ್ಷರ ಬಿಡಿಸುವುದು ಬೇರೆ, ಕತೆ ಅರಿಯುವುದು ಬೇರೆ. ಎರಡನೆಯದರಲ್ಲಿ ಈ ಮಕ್ಕಳು ಯಾರಿಗೂ ಕಡಿಮೆ ಇಲ್ಲ. ಕೇಳುತ್ತಾ ಪುಟದ ಮೇಲೆ ಬೆರಳಿಟ್ಟು ಸಾಗಲಿ, ಎರಡೂ ಒಟ್ಟಿಗೆ ನಡೆಯುತ್ತದೆ. ನಿಮ್ಮ ದನಿಯಲ್ಲೇ ರೆಕಾರ್ಡ್ ಮಾಡಿ, ಮಳೆ ಸದ್ದು ಹಿಂದೆ ಬಂದರೆ ಬರಲಿ. ಕರೆಂಟು, ನೆಟ್‌ವರ್ಕ್ ಎರಡೂ ಹೋಗುವ ಮೊದಲೇ ಡೌನ್‌ಲೋಡ್ ಮಾಡಿಡಿ.

ಮನೆಯಲ್ಲಿ ಕೊಡವ ತಕ್ಕ್. ಶಾಲೆಯಲ್ಲಿ ಕನ್ನಡ, ಇಂಗ್ಲಿಷ್. ಅದಕ್ಕೇ ಓದು ಬರುತ್ತಿಲ್ಲವಾ?

ಹಲವು ಭಾಷೆಯಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ. ಕನ್ನಡ ಪದಗಳೇ ಗೊತ್ತಿಲ್ಲದ ಕಾರಣ ಓದು ನಿಧಾನ ಆಗಿರಬಹುದು, ಅದು ಬೇರೆ ವಿಷಯ. ಪರೀಕ್ಷೆ ಮಾಡುವವರಿಗೆ ಮನೆಮಾತು ಯಾವುದು ಅಂತ ಮರೆಯದೆ ಹೇಳಿ.

ನಮ್ಮದು ಅರೆಭಾಷೆ. ನಾನು ಮಾಡುವುದು ಇಷ್ಟು: ಕತೆಯನ್ನು ಮೊದಲು ಮನೆಮಾತಿನಲ್ಲಿ ಹೇಳುತ್ತೇನೆ. ಕೊನೆ ಮಾತ್ರ ಹೇಳುವುದಿಲ್ಲ. ಕೊನೆ ಬೇಕಾದರೆ ಪುಸ್ತಕ ತೆರೆಯಬೇಕು. ಪಾತ್ರ, ಜಾಗ ಎಲ್ಲ ಗೊತ್ತಿರುವುದರಿಂದ ಕನ್ನಡದ ಪದ ಮುಂದೆ ಬಂದಾಗ ಊಹೆ ಹತ್ತಿರ ಇರುತ್ತದೆ.

ರಾತ್ರಿ ಹೆದರಿ ಎದ್ದರೆ?

ಒಂದೆರಡು ರಾತ್ರಿ ಪಕ್ಕದಲ್ಲಿ ಮಲಗಿಸಿಕೊಳ್ಳಿ. ನಿದ್ದೆಯೇ ಕೆಟ್ಟರೆ ಪುಸ್ತಕವನ್ನು ಹಗಲಿಗೆ ಬದಲಿಸಿ. "ಇಷ್ಟಕ್ಕೆಲ್ಲ ಹೆದರುತ್ತೀಯಾ" ಅಂತ ಮಾತ್ರ ಅನ್ನಬೇಡಿ. ಓದಲು ಬರುವುದಿಲ್ಲ ಅನ್ನುವ ಮಾತು ಕೇಳಿ ನೊಂದ ಮಗುವಿಗೆ ಇದೂ ಸೇರುವುದು ಬೇಡ.

ಕೊಡಗಿನಲ್ಲಿ ಇನ್ನೊಂದು ವಿಷಯ ನೋಡಲೇಬೇಕು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದನ್ನು ಕಂಡ ಮನೆಗಳಿವೆ. ಆ ಮನೆಯ ಮಕ್ಕಳಿಗೆ ರಾತ್ರಿ ಮಳೆ, ನೆಲ ನಡುಗುವ ಸದ್ದು, ಮಣ್ಣಿನಡಿಯಿಂದ ಕೂಗುವ ದನಿ ಇವೆಲ್ಲ ಕತೆಯಲ್ಲ. ಅಂಥ ಪುಸ್ತಕ ಅವರ ಕೈಗೆ ಕೊಡಬೇಡಿ. ತೋಟದ ಕೆಲಸದವರ ಲೈನ್ ಮನೆಯ ಮಕ್ಕಳಿಗೆ ಕತ್ತಲಲ್ಲಿ ಬರುವ ಆನೆಯೂ ಹಾಗೇ, ಅದು ನಿಜವಾದ ಭಯ. ಮಾತಾಡುವ ಬಾವಿ, ಎರಡು ನೆರಳಿರುವ ಮನುಷ್ಯ, ತಾನಾಗಿ ಬೀಸುವ ರಾಗಿಕಲ್ಲು ಇಂಥದ್ದನ್ನು ಆರಿಸಿ. ನಿಜದಲ್ಲಿ ಇಲ್ಲದ್ದು, ಪುಸ್ತಕ ಮುಚ್ಚಿದರೆ ಮುಗಿಯುವಂಥದ್ದು.

ನಮ್ಮ ಮನೆಯಲ್ಲಿ ಗುಳಿಗ ದೈವಕ್ಕೆ ಎಡೆ ಇಡುತ್ತೇವೆ. ದೆವ್ವದ ಪುಸ್ತಕ ತಂದರೆ ಹಿರಿಯರು ಬೇಸರ ಮಾಡುತ್ತಾರೆ.

ಅವರ ಬೇಸರಕ್ಕೆ ಕಾರಣ ಇದೆ. ಗುಳಿಗ, ಮನೆತನದ ಮೂಲ ಹಿರಿಯನಾದ ಗುರು ಕಾರಣ ಇವರೆಲ್ಲ ನಾವು ಕೈಮುಗಿಯುವವರು, ದೆವ್ವಗಳಲ್ಲ. ದೈವವನ್ನು ದೆವ್ವ ಮಾಡಿ ಬರೆದ ಪುಸ್ತಕ ನಾನೂ ತರುವುದಿಲ್ಲ. ಕಟ್ಟುಕತೆಯ ದೆವ್ವ ಬೇರೆ ಎಂದು ಹಿರಿಯರಿಗೆ ಹೇಳಿ, ಪುಸ್ತಕ ಅವರ ಕೈಗೇ ಕೊಟ್ಟು ತೋರಿಸಿ. ನಮ್ಮ ಮನೆಯಲ್ಲಿ ಹಾಗೆ ಕೊಟ್ಟ ಮೇಲೆ ಅಜ್ಜಿಯೇ ಎರಡು ಕತೆ ಜಾಸ್ತಿ ಹೇಳಿದರು.

ಶಾಲೆಯಲ್ಲಿ ಅಕ್ಟೋಬರ್ ಕೊನೆಗೆ ಹ್ಯಾಲೋವೀನ್ ಮಾಡುತ್ತಾರೆ. ಆಗಲೂ ಇದೇ ಪುಸ್ತಕ ಆಗುತ್ತದಾ?

ಆಗುತ್ತದೆ. ಆರಿಸುವ ರೀತಿ ಒಂದೇ. ಬರೀ ಚಿತ್ರ, ಕುಂಬಳಕಾಯಿ ತುಂಬಿದ ಪುಸ್ತಕಕ್ಕೆ ದುಡ್ಡು ಜಾಸ್ತಿ, ಕತೆ ಕಡಿಮೆ. ಒಳಗೆ ನೋಡಿ ತೆಗೆದುಕೊಳ್ಳಿ.

ಜೋರಾಗಿ ಓದಿಸಬೇಕಾ?

ಎಲ್ಲರ ಮುಂದೆ ಬೇಡ. ನನ್ನ ಮಗ ಮೂರನೇ ಕ್ಲಾಸಿನಲ್ಲಿದ್ದಾಗ ನಿಲ್ಲಿಸಿ ಓದಿಸಿದ್ದರು. "ದೇವರು" ಅನ್ನುವಲ್ಲಿ "ದೆವ್ವರು" ಎಂದು ಓದಿದ. ಕ್ಲಾಸೆಲ್ಲ ನಕ್ಕಿತು. ಓದಿಸಿದವರೂ ನಕ್ಕರು. ಆಮೇಲೆ ಎರಡು ವರ್ಷ ಅವನು ಯಾರ ಮುಂದೆಯೂ ಬಾಯಿ ಬಿಟ್ಟು ಓದಲಿಲ್ಲ.

ಮನೆಯಲ್ಲಿ ಜೊತೆಯಾಗಿ ಓದಿ. ಇಬ್ಬರೂ ಒಟ್ಟಿಗೆ ದನಿ ಸೇರಿಸಿ ಶುರು ಮಾಡಿ. ಧೈರ್ಯ ಬಂದಾಗ ಮಗು ನಿಮ್ಮ ಕೈ ತಟ್ಟಲಿ, ನೀವು ಸುಮ್ಮನಾಗಿ. ಎಡವಿದರೆ ಪದ ಹೇಳಿಕೊಟ್ಟು ಮತ್ತೆ ಜತೆಯಾಗಿ. ಇಲ್ಲದಿದ್ದರೆ ದೆವ್ವದ ಮಾತು ಮಾತ್ರ ಅವನದು, ಉಳಿದದ್ದು ನಿಮ್ಮದು. ದೆವ್ವಗಳು ಸಾಮಾನ್ಯವಾಗಿ ಚಿಕ್ಕ ವಾಕ್ಯದಲ್ಲೇ ಮಾತಾಡುತ್ತವೆ. ಬೆಳಕು ಮಾತ್ರ ಚೆನ್ನಾಗಿರಲಿ. ಮೇಣದಬತ್ತಿ ಕತೆ ಹೇಳಲು ಸರಿ, ಓದಲು ಎಮರ್ಜೆನ್ಸಿ ಲ್ಯಾಂಪೇ ಬೇಕು.

ಯಾವ ಪುಸ್ತಕವೂ ಹೊಂದದಿದ್ದರೆ?

ನೀವೇ ಮಾಡಿ. ಮಗು ಕತೆ ಹೇಳಲಿ, ನೀವು ಬರೆಯಿರಿ. ಕಂಪ್ಯೂಟರ್ ಇದ್ದರೆ ನೋಟೊ ಸ್ಯಾನ್ಸ್ ಕನ್ನಡ ಅನ್ನುವ ಉಚಿತ ಫಾಂಟ್ ಹಾಕಿ, 16 ಪಾಯಿಂಟ್, ಸಾಲಂತರ ಒಂದೂವರೆಗಿಂತ ಸ್ವಲ್ಪ ಜಾಸ್ತಿ, ಪುಟಕ್ಕೆ ನಾಲ್ಕೈದು ಸಾಲು. ತನ್ನದೇ ಮಾತು ಆದ್ದರಿಂದ ಓದುವಾಗ ಮುಂದಿನ ಪದ ಬಾಯಿಗೆ ತಾನಾಗಿ ಬರುತ್ತದೆ.

ನಮ್ಮ ಮೊದಲ ಪುಸ್ತಕ ಒಂಬತ್ತು ಪುಟದ್ದು. ಹಿಂದೆ ನಮ್ಮ ರಾಜ್ಯದ ಎಷ್ಟೋ ಊರುಗಳಲ್ಲಿ ದೆವ್ವ ಬರಬಾರದೆಂದು ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದರಲ್ವಾ, ಅದನ್ನು ಮಗನಿಗೆ ಹೇಳಿದ್ದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ದೆವ್ವಕ್ಕೆ ಓದೋಕೆ ಬರದಿದ್ದರೆ?" ಅಂದ. ಅದೇ ಅವನ ಕತೆ ಆಯಿತು. ಓದಲು ಬಾರದ ದೆವ್ವ ದಿನವೂ ಬಾಗಿಲಿಗೆ ಬರುತ್ತದೆ, ಒಳಗಿನ ಹುಡುಗ ಕಿಟಕಿಯಿಂದ ಒಂದೊಂದೇ ಅಕ್ಷರ ಹೇಳಿಕೊಡುತ್ತಾನೆ. ನಾ. ಳೆ. ಬಾ. ಮೂರೇ ಅಕ್ಷರ, ಒಂದೂ ಒತ್ತಿಲ್ಲ. ಮೂರನೇ ರಾತ್ರಿ ದೆವ್ವ ಪೂರ್ತಿ ಓದಿ, "ಸರಿ" ಎಂದು ಹೋಗುತ್ತದೆ. ಪ್ರತಿ ರಾತ್ರಿ ಅದು ಬರುವ ಸದ್ದು "ಸರಸರ ಸರಸರ". ಆ ಪುಟ ಬಂದಾಗ ಮಗ ದನಿ ತಗ್ಗಿಸುತ್ತಿದ್ದ.

ಹಾಳೆಗಳನ್ನು ಮಡಚಿ ನಡುವೆ ದಾರದಿಂದ ಹೊಲಿಯಿರಿ, ಪಿನ್ ಹೊಡೆದರೆ ತುಕ್ಕು ಹಿಡಿಯುತ್ತದೆ. ಕಕ್ಕಡದಲ್ಲಿ ಕಾಗದಕ್ಕೆ ಬೂಷ್ಟು ಬರುವುದು ನಿಮಗೂ ಗೊತ್ತು. ನಮ್ಮದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟಿದ್ದೇವೆ. ಇನ್ನೂ ಚೆನ್ನಾಗಿದೆ.